ಒಬ್ಬ ತೀರ್ಪುಗಾರನಿಗೆ ಎಷ್ಟು ಪಂದ್ಯ?

ಆಟವೆಂದರೆ ನಮ್ಮ ಜನರ ದೃಷ್ಟಿಯೆಲ್ಲ ಆಡುವವನ ಮೇಲೆ ನೆಡುವುದು ಸಹಜವೇ ಸರಿ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತೇವೆ, ಸೋತವನ ಬೆನ್ನು ತಟ್ಟಿ ಸಮಾಧಾನ ಹೇಳುತ್ತೇವೆ, ಇಬ್ಬರ ನಡುವೆ ನಿಂತು ಇದು ಸರಿ, ಇದು ತಪ್ಪು ಎಂದು ನಿರ್ಣಯಿಸಿದವನನ್ನು ಮಾತ್ರ, ಬೈಯಬೇಕಾದ ಪ್ರಸಂಗ ಒದಗಿದ ಹೊರತು, ನೆನೆಯುವುದೇ ಇಲ್ಲ. ಅವನು ಆ ದಿನ ಎಷ್ಟನೆಯ ಪಂದ್ಯಕ್ಕೆ ಸೀಟಿ ಹಿಡಿದು ನಿಂತಿದ್ದಾನೆ, ಆ ಋತುವಿನಲ್ಲಿ ಅದು ಅವನ ಪಾಲಿಗೆ ಐವತ್ತನೆಯದೋ ನೂರನೆಯದೋ, ಹಿಂದಿನ ರಾತ್ರಿ ಅವನು ನಿದ್ರೆಯನ್ನು ಕಂಡನೋ ಇಲ್ಲವೋ ಎಂಬುದನ್ನು ವಿಚಾರಿಸುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಬೆಳೆಯಬೇಕೆಂಬುದೂ, ಒಬ್ಬ ತೀರ್ಪುಗಾರನು ದಿನವೊಂದಕ್ಕೆ ಮತ್ತು ಋತುವೊಂದಕ್ಕೆ ನಡೆಸಿಕೊಡಬಹುದಾದ ಪಂದ್ಯಗಳಿಗೆ ಒಂದು ಮಿತಿಯನ್ನು ನಿಯಮದ ಮೂಲಕವೇ ಗೊತ್ತುಪಡಿಸಬೇಕೆಂಬುದೂ ಈ ಲೇಖನದ ಅಭಿಪ್ರಾಯ. ಅದನ್ನು ಮೊದಲು ಪ್ರಯೋಗಿಸಿ ನೋಡುವುದಕ್ಕೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗಿಂತ ತಕ್ಕ ಸ್ಥಳವಿಲ್ಲವೆಂದೂ ನನಗೆ ತೋರುತ್ತದೆ.

1986ರಲ್ಲಿ ಹುಟ್ಟಿ, 2007ರಲ್ಲಿ ರಾಮನಗರ ಬೇರೆಯಾದ ಬಳಿಕ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕೇ ತಾಲ್ಲೂಕುಗಳಲ್ಲಿ ನಿಂತಿರುವ ಈ ಪುಟ್ಟ ಜಿಲ್ಲೆಯಲ್ಲಿ ಆಟದ ಋತುವಿಗೆ ವಾಸ್ತವವಾಗಿ ಅಂತ್ಯವೆಂಬುದಿಲ್ಲ. ಮಳೆಗಾಲದಲ್ಲಿ ಶಾಲೆಗಳ ಕ್ರೀಡಾಕೂಟಗಳು ಮೊದಲಾಗುತ್ತವೆ: ತೂಬಗೆರೆ, ಸಾಸಲು, ಮಧುರೆ, ದೊಡ್ಡಬೆಳವಂಗಲ, ಕಸಬಾ ಎಂದು ಹೋಬಳಿ ಹೋಬಳಿಯಲ್ಲಿಯೂ ಒಂದೊಂದು ಕೂಟ; ಅಲ್ಲಿ ಗೆದ್ದವರಿಗೆ ತಾಲ್ಲೂಕು, ತಾಲ್ಲೂಕಿನಲ್ಲಿ ಗೆದ್ದವರಿಗೆ ಜಿಲ್ಲೆ. ಅದರ ಬೆನ್ನಿಗೇ ಪದವಿಪೂರ್ವ ಕಾಲೇಜುಗಳ ಕೂಟಗಳು. ಅದೇ ಸುಮಾರಿಗೆ ಪದವಿ ಕಾಲೇಜುಗಳ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಅಂತರ ಕಾಲೇಜು ಪಂದ್ಯಗಳು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಮೂರಾಗಿ ಒಡೆದ ಮೇಲೆ, ಮೊದಲು ಒಂದಿದ್ದ ಕಡೆ ಮೂರು ಕೂಟಗಳ ಪಟ್ಟಿಗಳು ಸಿದ್ಧವಾಗುತ್ತವೆ. ಹುಡುಗರಿಗೆ ಅವಕಾಶ ಹೆಚ್ಚಿತೆಂಬುದು ಸಂತೋಷದ ಸಂಗತಿ, ಸೀಟಿ ಹಿಡಿಯುವ ಕೈಗಳು ಮಾತ್ರ ಮೂರರಷ್ಟಾಗಲಿಲ್ಲ. ನವೆಂಬರಿನಲ್ಲಿ ರಾಜ್ಯೋತ್ಸವ ಬರುತ್ತದೆ, ರಾಗಿ ಕಟಾವಾಗಿ ಹೊಲಗಳು ಬಯಲಾಗುತ್ತವೆ, ಅಲ್ಲಿಂದ ಮುಂದೆ ಯುಗಾದಿಯವರೆಗೂ ಅದರ ಆಚೆಗೂ ಊರೂರಿನ ಯುವಕ ಸಂಘಗಳ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳು ನಡೆಯುತ್ತವೆ. ಪ್ರಥಮ ಬಹುಮಾನಕ್ಕೆ ನಗದು, ಪಾರಿತೋಷಕ, ಕೆಲವು ಕಡೆ ಕೊಬ್ಬಿದ ಒಂದು ಟಗರು.

ಇಷ್ಟಕ್ಕೂ ತೀರ್ಪು ಕೊಡತಕ್ಕವರು ಯಾರು? ಬಹುಮಟ್ಟಿಗೆ ಒಂದೇ ವರ್ಗದವರು: ಶಾಲೆ ಕಾಲೇಜುಗಳ ದೈಹಿಕ ಶಿಕ್ಷಣ ಶಿಕ್ಷಕರು, ಹಳ್ಳಿಯ ಮಾತಿನಲ್ಲಿ ಪಿ.ಟಿ. ಮೇಷ್ಟ್ರುಗಳು. ಶಾಲಾ ಕೂಟಕ್ಕೆ ಅವರು ಅನ್ಯಕಾರ್ಯ ನಿಮಿತ್ತದ ಹಾಜರಾತಿ ಬರೆಸಿಕೊಂಡು ಬರುತ್ತಾರೆ. ಕಾಲೇಜಿನ ಕೂಟಕ್ಕೆ ಪರಿಚಯದ ನಿರ್ದೇಶಕರು ಕರೆದರೆಂದು ಬರುತ್ತಾರೆ. ರಾತ್ರಿಯ ಪಂದ್ಯಾವಳಿಗೆ ಹಳೆಯ ವಿದ್ಯಾರ್ಥಿಗಳು ಬಂದು "ಸಾರ್, ನೀವಿಲ್ಲದೆ ನಡೆಯೋದಿಲ್ಲ" ಎಂದು ಕೈ ಹಿಡಿದರೆಂದು ಬರುತ್ತಾರೆ. ಸರಕಾರಿ ಶಾಲೆಗಳಲ್ಲಿ ಈ ಹುದ್ದೆ ಎಷ್ಟೋ ಕಡೆ ಖಾಲಿ. ಇದ್ದವರ ಸ್ಥಾನಮಾನವನ್ನು ಕುರಿತ ವೈದ್ಯನಾಥನ್ ವರದಿಯನ್ನು ಜಾರಿಗೆ ತನ್ನಿರೆಂದು ಅವರ ಸಂಘಗಳು ವರ್ಷಾನುಗಟ್ಟಲೆ ಮನವಿ ಕೊಡುತ್ತಲೇ ಇವೆ. ಹೀಗಾಗಿ ಇರುವ ಕೆಲವರ ಮೇಲೆಯೇ ಎಲ್ಲ ಪಂದ್ಯಗಳ ಭಾರವೂ ಬಂದು ಬೀಳುತ್ತದೆ.

ಆ ಭಾರ ಎಷ್ಟೆಂಬುದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ನಲವತ್ತು ತಂಡಗಳು ಸೇರಿದರೆ ಮೂವತ್ತೊಂಬತ್ತು ಪಂದ್ಯಗಳಾಗಲೇಬೇಕು. ಪುರುಷರ ಕಬಡ್ಡಿ ಪಂದ್ಯವೆಂದರೆ ನಿಯಮದ ಮೇರೆಗೆ ತಲಾ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷದ ವಿರಾಮ. ಆ ಪ್ರಕಾರ ಹೋದರೆ ಒಂದೇ ಅಂಕಣದಲ್ಲಿ ಇಪ್ಪತ್ತೊಂಬತ್ತು ಗಂಟೆಗೂ ಮಿಕ್ಕಿ ಆಡಿಸಬೇಕಾದೀತೆಂದು ಅವಧಿಯನ್ನು ಹತ್ತು ಹತ್ತು ನಿಮಿಷಕ್ಕೆ ಇಳಿಸಿ, ಎರಡು ಅಂಕಣಗಳನ್ನು ಹಾಕಿದರೂ, ಎಂಟು ಗಂಟೆಯ ಕೆಲಸ ಉಳಿಯುತ್ತದೆ. ಸಂಜೆ ಏಳಕ್ಕೆಂದು ಕರಪತ್ರದಲ್ಲಿ ಅಚ್ಚಾದದ್ದು ಉದ್ಘಾಟನೆಯ ಅತಿಥಿಗಳು ಆಗಮಿಸಿ, ಹಾರ ತುರಾಯಿಗಳಾಗಿ, ನಾಲ್ವರ ಭಾಷಣ ಮುಗಿಯುವ ವೇಳೆಗೆ ಒಂಬತ್ತೂವರೆಯಾಗಿರುತ್ತದೆ. ಕಡೆಯ ಪಂದ್ಯ ಮುಗಿಯುವುದು ಮೂಡಲು ಕೆಂಪಾದಾಗ. ಪ್ರತಿ ಪಂದ್ಯಕ್ಕೂ ಒಬ್ಬ ರೆಫ್ರಿ, ಇಬ್ಬರು ಅಂಪೈರುಗಳು ಬೇಕು. ಅಂದರೆ ಒಟ್ಟು ನೂರ ಹದಿನೇಳು ಸರದಿಗಳು. ಒಂಬತ್ತು ಮಂದಿ ಸೇರಿ ಅದನ್ನು ಹಂಚಿಕೊಂಡರೆ, ಅಷ್ಟು ಮಂದಿ ಸೇರುವುದೇ ದೊಡ್ಡ ಮಾತು, ತಲೆಗೆ ಹದಿಮೂರು ಪಂದ್ಯ. ಒಂದು ದಾಳಿಗೆ 30 ಸೆಕೆಂಡಿನ ಗಡುವು. ಅಂಥ ಇಪ್ಪತ್ತು ನಿಮಿಷದ ಆಟದಲ್ಲಿ ಕಡಮೆಯೆಂದರೂ ನಲವತ್ತು ದಾಳಿ. ಹದಿಮೂರು ಪಂದ್ಯಗಳಿಗೆ ಐನೂರಕ್ಕೂ ಹೆಚ್ಚು. ಮರುದಿನ ಒಂಬತ್ತೂವರೆಗೆ ಅದೇ ಮೇಷ್ಟ್ರು ಶಾಲೆಯಲ್ಲಿ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸತಕ್ಕದ್ದು.

ಈ ಐನೂರು ದಾಳಿಗಳಲ್ಲಿ ಒಂದೊಂದೂ ಏನನ್ನು ಕೇಳುತ್ತದೆಂಬುದು ಅಂಕಣದ ಅಂಚಿನಲ್ಲಿ ನಿಂತು ನೋಡಿದವರಿಗೆ ಗೊತ್ತು. ಬೋನಸ್ ಗೆರೆಯನ್ನೇ ತೆಗೆದುಕೊಳ್ಳಿ. ಎದುರು ಪಾಳೆಯದಲ್ಲಿ ಆರು ಮಂದಿಯೋ ಏಳು ಮಂದಿಯೋ ಇರುವಾಗ ಮಾತ್ರ ಅದರ ಅಂಕ ಸಲ್ಲುತ್ತದೆ; ದಾಳಿಗಾರನ ಮುಂದಿನ ಕಾಲು ಗೆರೆಯನ್ನು ಪೂರ್ತಿ ದಾಟಿ ನೆಲ ಮುಟ್ಟಿರಬೇಕು, ಅದೇ ಕ್ಷಣದಲ್ಲಿ ಹಿಂದಿನ ಕಾಲು ನೆಲ ಬಿಟ್ಟು ಗಾಳಿಯಲ್ಲಿರಬೇಕು. ಎರಡು ಕಾಲುಗಳನ್ನು ಏಕಕಾಲದಲ್ಲಿ ನೋಡಿ, ಎದುರಿನವರ ತಲೆಗಳನ್ನು ಎಣಿಸಿ, ಬಾಯಲ್ಲಿ ಕಬಡ್ಡಿ ಎಂಬ ಉಸಿರು ಕಡಿಯಲಿಲ್ಲವೆಂಬುದನ್ನು ಕಿವಿಯಲ್ಲಿ ಕೇಳಿಕೊಂಡು, ಮೂಲೆಯವನ ಕೈ ದಾಳಿಗಾರನ ಮೀನಖಂಡಕ್ಕೆ ಸವರಿತೋ ಇಲ್ಲವೋ ಎಂಬುದನ್ನು ಗ್ರಹಿಸಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೈ ಎತ್ತಬೇಕು. ಹತ್ತು ಪಂದ್ಯಗಳಾಗುವ ಹೊತ್ತಿಗೆ ಸುಣ್ಣದ ಗೆರೆ ಕಾಲ್ತುಳಿತಕ್ಕೆ ಅಳಿಸಿ, ಬಿಳಿಯ ಮಸುಕು ಮಾತ್ರ ಮಣ್ಣಿನಲ್ಲಿ ಉಳಿದಿರುತ್ತದೆ; ಗೆರೆ ಎಲ್ಲಿತ್ತೆಂಬುದನ್ನು ಅಂಪೈರು ಕಣ್ಣಿನಿಂದಲ್ಲ, ಸ್ಮರಣೆಯಿಂದ ನೋಡುತ್ತಾನೆ. ಮೇಲೆ ಕಂಬಕ್ಕೆ ಕಟ್ಟಿದ ದೀಪ, ದೀಪಕ್ಕೆ ಮುತ್ತಿದ ಹುಳು, ಬೆನ್ನ ಹಿಂದೆಯೇ ಧ್ವನಿವರ್ಧಕ, ಡಿಸೆಂಬರಿನ ಚಳಿ. ಇಂಥ ಸನ್ನಿವೇಶದಲ್ಲಿ ಹದಿಮೂರನೆಯ ಪಂದ್ಯದ ತೀರ್ಪು ಮೊದಲನೆಯ ಪಂದ್ಯದ ತೀರ್ಪಿನಷ್ಟೇ ಖಚಿತವಾಗಿರುತ್ತದೆಂದು ನಂಬುವುದಕ್ಕೆ ಮಿತಿಮೀರಿದ ಭಕ್ತಿ ಬೇಕು.

ದಣಿದವನು ಯಾವ ಕಡೆಗೆ ತಪ್ಪುತ್ತಾನೆಂಬ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. 2002ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫುಟ್ಬಾಲ್ ತೀರ್ಪುಗಾರರಿಗೆ ಒಂದೇ ಆಟದ ಚಿತ್ರವನ್ನು, ಕೆಲವರಿಗೆ ಪ್ರೇಕ್ಷಕರ ಗದ್ದಲದೊಡನೆಯೂ ಕೆಲವರಿಗೆ ನಿಶ್ಶಬ್ದವಾಗಿಯೂ ತೋರಿಸಿದಾಗ, ಗದ್ದಲ ಕೇಳಿದವರು ಆತಿಥೇಯ ತಂಡದ ಮೇಲೆ ಶೇಕಡಾ 15.5ರಷ್ಟು ಕಡಮೆ ಫೌಲುಗಳನ್ನು ಕೊಟ್ಟರು. ಅವರು ಪಕ್ಷಪಾತಿಗಳೆಂದಲ್ಲ, ಸಂದೇಹ ಬಂದಾಗ ಗದ್ದಲವೇ ಅವರ ಬದಲಿಗೆ ನಿರ್ಧರಿಸಿಬಿಟ್ಟಿತು. ದಣಿವು ಹೆಚ್ಚಿದಷ್ಟೂ ಸಂದೇಹಗಳು ಹೆಚ್ಚುತ್ತವೆ, ಸಂದೇಹ ಹೆಚ್ಚಿದಷ್ಟೂ ಸುತ್ತ ಕೂಗುವ ಊರಿನವರ ಮಾತೇ ನಡೆಯುತ್ತದೆಂಬುದು ನನ್ನ ಊಹೆ. ಸೂಲಿಬೆಲೆಗೋ ತ್ಯಾಮಗೊಂಡ್ಲಿಗೋ ಹೊರಗಿನಿಂದ ಆಡಲು ಬಂದು ಸೆಮಿಫೈನಲಿನಲ್ಲಿ ಸೋತು ಹೋದ ತಂಡದವರನ್ನು ಕೇಳಿದರೆ ಊಹೆಯೇಕೆಂದಾರು. ಇಸ್ರೇಲಿನ ಪೆರೋಲ್ ನ್ಯಾಯಾಧೀಶರು ಊಟದ ವಿರಾಮ ಸಮೀಪಿಸಿದಂತೆಲ್ಲ ಕೈದಿಗಳ ಅರ್ಜಿಗಳನ್ನು ತಿರಸ್ಕರಿಸುತ್ತ ಹೋದರೆಂಬ 2011ರ ಪ್ರಸಿದ್ಧ ಅಧ್ಯಯನವನ್ನೂ ಇಂಥ ಕಡೆ ಉದಾಹರಿಸುವ ವಾಡಿಕೆಯುಂಟು. ಆದರೆ ಅರ್ಜಿಗಳು ಬಂದ ಅನುಕ್ರಮವೇ ಯಾದೃಚ್ಛಿಕವಾಗಿರಲಿಲ್ಲವೆಂದು ಬಳಿಕ ಬಂದವರು ಅದನ್ನು ಪ್ರಶ್ನಿಸಿದ್ದಾರಾದುದರಿಂದ, ಅದರ ಮೇಲೆ ನಾನು ವಾದವನ್ನು ಕಟ್ಟುವುದಿಲ್ಲ.

ಈ ತೊಡಕು ನಮ್ಮದೊಂದೇ ಅಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೇಸ್ಮಿತ್ ಬ್ಯಾಸ್ಕೆಟ್‌ಬಾಲನ್ನು ರೂಪಿಸಿ ಹದಿಮೂರು ನಿಯಮಗಳನ್ನು ಬರೆದಾಗಲೇ, ಒಬ್ಬನು ಆಟಗಾರರ ನಡತೆಯನ್ನೂ ಇನ್ನೊಬ್ಬನು ಚೆಂಡನ್ನೂ ನೋಡಿಕೊಳ್ಳಲಿ ಎಂದು ತೀರ್ಪಿನ ಕೆಲಸವನ್ನು ಇಬ್ಬರಿಗೆ ಹಂಚಿದ್ದನು. ಒಬ್ಬ ಮನುಷ್ಯನ ಗಮನಕ್ಕೆ ಎಲ್ಲೆಯಿದೆಯೆಂಬ ವಿವೇಕ ಆ ಆಟದ ಹುಟ್ಟಿನಲ್ಲಿಯೇ ಇದ್ದಿತು. ಅದೇ ದೇಶದ ಕಾಲೇಜು ಬ್ಯಾಸ್ಕೆಟ್‌ಬಾಲ್ ಈಗ ಕೋಟ್ಯಂತರ ಡಾಲರುಗಳ ವ್ಯವಹಾರವಾಗಿ ಬೆಳೆದಿದ್ದರೂ, ಅದರ ತೀರ್ಪುಗಾರರು ಇಂದಿಗೂ ಸಂಬಳದ ನೌಕರರಲ್ಲ, ಪಂದ್ಯಕ್ಕಿಷ್ಟೆಂದು ಕೂಲಿ ಪಡೆಯುವ ಸ್ವತಂತ್ರ ಗುತ್ತಿಗೆದಾರರು. ಒಂದು ತಂಡ ನವೆಂಬರಿನಿಂದ ಮಾರ್ಚಿನವರೆಗೆ ಸುಮಾರು ಮೂವತ್ತು ಪಂದ್ಯಗಳನ್ನಾಡಿದರೆ, ಬೇಡಿಕೆಯಲ್ಲಿರುವ ತೀರ್ಪುಗಾರನೊಬ್ಬನು ಆ ಅವಧಿಯಲ್ಲಿಯೇ ಎಂಬತ್ತು, ಕೆಲವೊಮ್ಮೆ ನೂರು ಪಂದ್ಯಗಳನ್ನು ನಡೆಸಿ, ಇಂದು ಒಂದು ರಾಜ್ಯ ನಾಳೆ ಇನ್ನೊಂದು ರಾಜ್ಯವೆಂದು ಹಾರಾಡುತ್ತಾನೆ. ಅವನನ್ನು ಕರೆಯುವ ಲೀಗುಗಳು ಹಲವು, ಅವನ ಒಟ್ಟು ಪಂದ್ಯಗಳಿಗೆ ಮಿತಿ ಹಾಕುವ ಜವಾಬ್ದಾರಿ ಮಾತ್ರ ಯಾರೊಬ್ಬರದೂ ಅಲ್ಲ. ದೊಡ್ಡಬಳ್ಳಾಪುರದ ಪಿ.ಟಿ. ಮೇಷ್ಟ್ರಿಗೂ ಅವನಿಗೂ ಸಂಪಾದನೆಯಲ್ಲಿ ಅಜಗಜಾಂತರವಿದ್ದರೂ ಅವಸ್ಥೆ ಒಂದೇ. ಕರೆಯುವವರು ಹಲವರಾಗಿ, ಕೂಡಿಸಿ ಲೆಕ್ಕ ನೋಡುವವರು ಇಲ್ಲದಿರುವುದು.

ಇತರ ಕಸುಬುಗಳಲ್ಲಿ ಈ ವಿವೇಕವನ್ನು ನಾವು ಕಾಯಿದೆಯಾಗಿಯೇ ಬರೆದುಕೊಂಡಿದ್ದೇವೆ. ನೆಲಮಂಗಲದ ಹೆದ್ದಾರಿಯಲ್ಲಿ ಹೋಗುವ ಬಸ್ಸು ಲಾರಿಗಳ ಚಾಲಕರಿಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು 2025ರವರೆಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತ್ತು; ಅದು ಎಷ್ಟು ಪಾಲನೆಯಾಗುತ್ತಿತ್ತೆಂಬ ಮಾತು ಬೇರೆ. ದೇವನಹಳ್ಳಿಯಲ್ಲಿ 2008ರಿಂದ ಇಳಿದೇರುತ್ತಿರುವ ವಿಮಾನಗಳ ಚಾಲಕರಿಗೆ ಹಾರಾಟದ ಗಂಟೆ, ಇಳಿಯುವ ಸಲ, ರಾತ್ರಿಯ ಪಾಳಿ ಎಲ್ಲಕ್ಕೂ ಲೆಕ್ಕವಿದೆ. ಅವರ ವಾರದ ನಿರಂತರ ವಿಶ್ರಾಂತಿಯನ್ನು ಈಚೆಗೆ 36 ಗಂಟೆಯಿಂದ 48ಕ್ಕೆ ಏರಿಸಲಾಯಿತು. ಕಬಡ್ಡಿಯಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲವಲ್ಲ ಎಂದು ಇದಕ್ಕೆ ಹೇಳುವವರಿದ್ದಾರೆ. ಸಾಮಾನ್ಯವಾಗಿ ಹೋಗುವುದಿಲ್ಲ, ನಿಜ, ಆದರೆ ಅಪಾಯದ ಹಿಡಿತವನ್ನು ಸಕಾಲದಲ್ಲಿ ಸೀಟಿ ಊದಿ ಬಿಡಿಸದಿದ್ದರೆ ಹುಡುಗನ ಮಂಡಿ ಹೋಗಬಹುದು, ತಾಲ್ಲೂಕಿನ ಕೂಟದಲ್ಲಿ ಬಿದ್ದ ಒಂದು ತಪ್ಪು ತೀರ್ಪಿನಿಂದ ಜಿಲ್ಲೆಗೆ ಹೋಗದವಳು ರಾಜ್ಯಕ್ಕೂ ಹೋಗಳು, ರಾಜ್ಯದ ಪ್ರಮಾಣಪತ್ರವಿಲ್ಲದವಳಿಗೆ ಕ್ರೀಡಾ ಕೋಟಾದ ಬಾಗಿಲು ತೆರೆಯದು. ನೇಯ್ಗೆಯವರ ಮನೆಯ ಹುಡುಗಿಗೆ ಅದು ಸಣ್ಣ ನಷ್ಟವಲ್ಲ.

ಪಂದ್ಯಗಳಿಗೆ ಮಿತಿ ಹಾಕುವುದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಹಿರಿಯ ತೀರ್ಪುಗಾರರದ್ದು ಗೌರವಕ್ಕೆ ಅರ್ಹವಾದದ್ದು. ಪಂದ್ಯ ನಡೆಸಿಯೇ ಕಣ್ಣು ಪಳಗಬೇಕು, ಮಿತಿ ಹಾಕಿದರೆ ಹೊಸಬರು ಕಲಿಯುವುದೆಂತು ಎಂದು ಅವರು ಕೇಳುತ್ತಾರೆ. ಪಳಗುವುದು ನಿಜ, ವರ್ಷಗಳ ಮೇಲೆ ಹರಡಿದ ಪಂದ್ಯಗಳಿಂದ ಪಳಗುತ್ತದೆ, ಒಂದೇ ರಾತ್ರಿಯ ಹದಿಮೂರರಿಂದಲ್ಲ, ಮತ್ತು ಹಿರಿಯನೊಬ್ಬನು ಎಲ್ಲ ಪಂದ್ಯಗಳನ್ನೂ ತಾನೇ ಹಿಡಿದುಕೊಂಡಿರುವವರೆಗೆ ಹೊಸಬನಿಗೆ ಅಂಕಪಟ್ಟಿ ಬರೆಯುವ ಮೇಜೇ ಗತಿ. ಎರಡನೆಯ ಆಕ್ಷೇಪಣೆ ಸಂಪಾದನೆಯದು, ಇದನ್ನು ನಾನು ಹಗುರವಾಗಿ ಕಾಣಲಾರೆ. ಖಾಯಂ ಹುದ್ದೆಯಿಲ್ಲದೆ ಅತಿಥಿ ಶಿಕ್ಷಕನಾಗಿಯೋ ಖಾಸಗಿ ಶಾಲೆಯ ಅಲ್ಪ ವೇತನದಲ್ಲಿಯೋ ಕಾಲ ಹಾಕುವ ತರುಣನಿಗೆ ಪಂದ್ಯದ ಸಂಭಾವನೆಯೆಂಬುದು ಮನೆಯ ಬಾಡಿಗೆ. ಹದಿಮೂರನ್ನು ಆರಕ್ಕೆ ಇಳಿಸಿ ದರವನ್ನು ಇದ್ದಂತೆಯೇ ಬಿಟ್ಟರೆ, ವಿಶ್ರಾಂತಿಯ ಹೆಸರಿನಲ್ಲಿ ಅವನ ಅನ್ನವನ್ನು ಕಸಿದಂತಾಯಿತು. ಆದಕಾರಣ ಮಿತಿ ಮತ್ತು ದರ ಒಟ್ಟಿಗೆ ಬರಬೇಕು. ಹಣ ಎಲ್ಲಿಂದ ಬರಬೇಕೆಂದು ಸಂಘಟಕರು ಕೇಳಿದರೆ, ಬಸ್ ನಿಲ್ದಾಣದಿಂದ ಮೈದಾನದವರೆಗೆ ಮರಕ್ಕೊಂದರಂತೆ ನಾಯಕರು, ಉಪನಾಯಕರು, ಅವರ ಅಭಿಮಾನಿಗಳು ಕೈ ಮುಗಿದು ನಿಂತಿರುವ ಫ್ಲೆಕ್ಸುಗಳ ಕಡೆ ತೋರಿಸಬೇಕಾಗುತ್ತದೆ. ಅವುಗಳಲ್ಲಿ ಅರ್ಧ ಕಡಮೆಯಾದರೂ ಆ ಊರಿಗೆ ಯಾವ ಶೋಭೆಯೂ ನಷ್ಟವಾಗದು.

ಮೂರನೆಯದು, ಜನವೇ ಇಲ್ಲವೆಂಬುದು. ಇದಕ್ಕೂ ವಿಮಾನದವರಿಂದ ಒಂದು ಪಾಠವುಂಟು: 2025ರ ಡಿಸೆಂಬರಿನಲ್ಲಿ, ಹೊಸ ವಿಶ್ರಾಂತಿ ನಿಯಮಗಳಿಗೆ ತಕ್ಕಷ್ಟು ಚಾಲಕರನ್ನು ಸಿದ್ಧಮಾಡಿಕೊಳ್ಳದೆ ಇದ್ದ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾಗಿ, ದೇವನಹಳ್ಳಿಯ ನಿಲ್ದಾಣದಲ್ಲಿಯೂ ಜನ ಪೆಟ್ಟಿಗೆಗಳ ಮೇಲೆ ಕುಳಿತು ಕಾದರು. ನಿಯಮ ಕೆಟ್ಟದ್ದಾಗಿರಲಿಲ್ಲ, ಸಿದ್ಧತೆ ಇರಲಿಲ್ಲ. ನಮ್ಮಲ್ಲಿ ಸಿದ್ಧತೆಗೆ ಜನ ಇಲ್ಲದೆ ಇಲ್ಲ. ಜ್ಞಾನಭಾರತಿಯ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಬಿ.ಪಿ.ಇಡಿ. ಓದುವವರಿಗೆ ತೀರ್ಪುಗಾರಿಕೆ ಪಾಠದ ಒಂದು ಭಾಗವೇ. ಅವರನ್ನು ಹೋಬಳಿ ಕೂಟಗಳಿಗೆ ಹಿರಿಯರ ಜೊತೆಯಲ್ಲಿ ಕಳುಹಿಸಬಹುದು. ಆಡಿ ನಿವೃತ್ತರಾದ ಆಟಗಾರರಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ ಶಿಕ್ಷಕಿಯರಿದ್ದಾರೆ: ಬಾಲಕಿಯರ ಥ್ರೋಬಾಲಿಗೆ ಮಾತ್ರ ಅವರನ್ನು ಕರೆದು, ಬಾಲಕರ ಕಬಡ್ಡಿಯ ಹೊತ್ತಿಗೆ ಊಟದ ಕೂಪನ್ ಹಂಚಲು ಕೂರಿಸುವ ಅಭ್ಯಾಸವೊಂದನ್ನು ಬಿಟ್ಟರೂ ತೀರ್ಪುಗಾರರ ಪಟ್ಟಿ ಬೆಳೆಯುತ್ತದೆ.

ಲೆಕ್ಕವಿಡುವುದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ. ಪ್ರತಿ ಪಂದ್ಯದ ಅಂಕಪಟ್ಟಿಯ ಕೆಳಗೆ ರೆಫ್ರಿಯೂ ಅಂಪೈರುಗಳೂ ಸಹಿ ಮಾಡಿಯೇ ಇರುತ್ತಾರೆ. ಆ ಹಾಳೆಗಳು ಈಗ ಬಹುಮಾನ ವಿತರಣೆಯಾದ ಮೇಲೆ ಕುರ್ಚಿಗಳ ಜೊತೆಗೇ ಎಲ್ಲಿಯೋ ಹೋಗುತ್ತವೆ. ಅವನ್ನು ಶಾಲಾ ಕೂಟಗಳಲ್ಲಿ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರೂ, ಕಾಲೇಜು ಕೂಟಗಳಲ್ಲಿ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗವೂ, ರಾತ್ರಿಯ ಪಂದ್ಯಾವಳಿಗಳಲ್ಲಿ ಆಯಾ ಆಟದ ಜಿಲ್ಲಾ ಸಂಸ್ಥೆಯೂ ತೆಗೆದಿಟ್ಟುಕೊಂಡು, ತಿಂಗಳಿಗೊಮ್ಮೆ ಒಂದೆಡೆ ಕೂಡಿಸಿದರೆ ಯಾರು ಎಷ್ಟು ನಡೆಸಿದರೆಂಬುದು ಬೆಳಕಿಗೆ ಬರುತ್ತದೆ. ಪೂರ್ಣಾವಧಿಯ ಪಂದ್ಯಗಳಾದರೆ ದಿನಕ್ಕೆ ನಾಲ್ಕು, ಮೊಟಕು ಅವಧಿಯವಾದರೆ ಆರು, ಎರಡರ ನಡುವೆ ಕನಿಷ್ಠ ಒಂದು ಪಂದ್ಯದ ಬಿಡುವು, ರಾತ್ರಿ ನಡೆಸಿದವನಿಗೆ ಮರುದಿನ ಸೀಟಿಯ ಕೆಲಸವಿಲ್ಲ, ಋತುವಿಗೆ ಒಟ್ಟು ಅರವತ್ತು: ಇದು ನನ್ನ ಸೂಚನೆ. ಅಂಕಿಗಳಲ್ಲಿ ನನಗೆ ಹಠವಿಲ್ಲ. ಮೈದಾನದಲ್ಲಿ ನಿಂತು ಬಲ್ಲವರು ಐದೆಂದೋ ಐವತ್ತೆಂದೋ ತಿದ್ದಲಿ. ಅಂಕಿಯೇ ಬೇಡ, ಅವರವರ ಆತ್ಮಸಾಕ್ಷಿಗೆ ಬಿಡೋಣವೆಂದರೆ ಮಾತ್ರ ಒಪ್ಪಲಾರೆ, ಏಕೆಂದರೆ ಕೈ ಹಿಡಿದು ಕರೆಯುವ ಹಳೆಯ ಶಿಷ್ಯನಿಗೆ ಇಲ್ಲವೆನ್ನುವುದು ಮೇಷ್ಟ್ರಿಗೆ ಸಾಧ್ಯವಿಲ್ಲ. ನಿಯಮವಿದ್ದರೆ ಅವರು ಅದರ ಮೇಲೆ ಹಾಕಿ ಬಿಡುಗಡೆ ಪಡೆದಾರು.

ಇಷ್ಟೆಲ್ಲ ಮಾಡಿಯೂ ಒಂದು ಊರಿಗೆ ಸಾಕಷ್ಟು ತೀರ್ಪುಗಾರರು ಸಿಗಲಿಲ್ಲವೆನ್ನಿ. ಆಗ ಆ ಊರಿನ ಸಂಘದವರು ನಲವತ್ತು ತಂಡಗಳ ಪ್ರವೇಶಶುಲ್ಕವನ್ನು ತೆಗೆದುಕೊಳ್ಳುವ ಬದಲು ಹದಿನಾರನ್ನು ಕರೆಯಲಿ. ಹದಿನೈದು ಪಂದ್ಯಗಳನ್ನು ಸಂಜೆ ಐದಕ್ಕೆ ಆರಂಭಿಸಿ, ಅತಿಥಿಗಳ ಭಾಷಣವನ್ನು ಫೈನಲಿನ ಅನಂತರಕ್ಕೆ ಇಟ್ಟುಕೊಂಡರೆ, ಹನ್ನೆರಡು ಮಂದಿಯಿಂದಲೇ ಎರಡು ಅಂಕಣಗಳ ಆಟ ಹನ್ನೊಂದರೊಳಗೆ ಮುಗಿಯುತ್ತದೆ. ದೂರದ ತಂಡಗಳಿಗೆ ಹಿಂದಿರುಗುವ ಗಾಡಿಯಲ್ಲಿ ತೂಕಡಿಸದ ಚಾಲಕನೂ ಸಿಗುತ್ತಾನೆ. ಹೋಬಳಿ ಕೂಟಗಳ ದಿನಾಂಕಗಳನ್ನು ಗೊತ್ತುಮಾಡುವ ಸಭೆಗಳು ಶಾಲೆ ತೆರೆದ ಕೆಲವೇ ವಾರಗಳಲ್ಲಿ ಸೇರುತ್ತವೆ. ಮೈದಾನ, ಶಾಮಿಯಾನ, ಊಟದ ಏರ್ಪಾಟುಗಳ ಜೊತೆಗೆ ತೀರ್ಪುಗಾರರ ಹೆಸರುಗಳನ್ನೂ, ಹೆಸರಿನ ಮುಂದೆ ಪಂದ್ಯಗಳ ಸಂಖ್ಯೆಯನ್ನೂ ಆ ಸಭೆಯ ನಡಾವಳಿಯಲ್ಲಿಯೇ ಬರೆದು ಗೋಡೆಗೆ ಅಂಟಿಸಲಿ.